ಗುಮ್ಮನಿಗೆ ಮಮ್ಮು

ಅಪ್ಪನ ಕಾಲು ನೋಡಿದವಳೇ ಇಂಪನಾ ಅಡುಗೆಮನೆಗೆ ಓಡಿದಳು. ಕೊಬ್ಬರಿ ಅಟ್ಟದ ಏಣಿಯಿಂದ ಜಾರಿ ಬಿದ್ದಿದ್ದ ದಯಾನಂದ್ ಆಗಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ಪಾದದಿಂದ ತೊಡೆಯವರೆಗೂ ಬಿಳಿ ಸಿಮೆಂಟು ಪಟ್ಟು. ಎರಡೂವರೆ ವರ್ಷದ ಮಗಳು, ಅವನು ತೋಟಕ್ಕೆ ಹೊರಟರೆ ಸಾಕು ಹೆಗಲೇರಿ ಕೂರುತ್ತಿದ್ದವಳು, ಈಗ ತಾಯಿ ಗಾನವಿಯ ನೈಟಿಯಲ್ಲಿ ಮುಖ ಹುದುಗಿಸಿಕೊಂಡು "ಗುಮ್ಮ" ಅಂದಳು.

ದಯಾನಂದ್ ಬಿಸ್ಕತ್ತು ತೋರಿಸಿದ. ಮೊಬೈಲಿನಲ್ಲಿ ಕರಡಿ ಕುಣಿಯುವ ಹಾಡು ಹಾಕಿದ. ಅವಳು ಹೊಸಿಲಿನ ಆಚೆಯೇ ನಿಂತು ಹಾಡು ಮುಗಿಯುವವರೆಗೆ ನೋಡಿ ಹೊರಟುಹೋದಳು. ಮಲಗುವುದಕ್ಕೂ ಅಜ್ಜಿ ದ್ರಾಕ್ಷಾಯಣಮ್ಮನ ಮಗ್ಗುಲೇ ಬೇಕಾಯಿತು. ದಯಾನಂದ್‌ಗೆ ಕಾಲಿನ ನೋವಿಗಿಂತ ಇದೇ ಹೆಚ್ಚು ಚುಚ್ಚುತ್ತಿತ್ತು.

"ನಿದ್ದೇಲಿ ಎತ್ಕೊಂಡ್ ಬಂದು ನಿಮ್ಮ ಪಕ್ಕ ಮಲಗಿಸ್ಲೇನ್ರೀ?" ಗಾನವಿ ಕೇಳಿದಳು.

"ಬ್ಯಾಡ ಬುಡು. ಎಚ್ಚರಾದ್ರೆ ಇನ್ನೂ ಹೆದ್ರುಕೊತಾಳೆ."

ವಾರ ಹೀಗೆಯೇ ಕಳೆಯಿತು. ತಿಪಟೂರಿಗೆ ಹೋಗಿ ಡಾಕ್ಟರಿಗೆ ಕಾಲು ತೋರಿಸಬೇಕಿದ್ದ ದಿನ ಬೆಳಿಗ್ಗೆ ಇಂಪನಾ ನಡುಮನೆಯಲ್ಲಿ ಅಡುಗೆ ಆಟಕ್ಕೆ ಕೂತಿದ್ದಳು. ಕರಟದ ತುಂಬ ತೆಂಗಿನ ನಾರು ತುಂಬಿ ಗರಿಕಡ್ಡಿಯಿಂದ ತಿರುವುತ್ತಿದ್ದಳು. ಈ ಸಲ ದಯಾನಂದ್ ಅವಳನ್ನು ಕರೆಯಲಿಲ್ಲ, ಅವಳತ್ತ ನೋಡಲೂ ಇಲ್ಲ. ಗಾನವಿಯಿಂದ ಕಾಡಿಗೆ ಇಸಿದುಕೊಂಡು ಮಂಡಿಯ ಹತ್ತಿರ, ಪಟ್ಟಿನ ಮೇಲೆ, ಎರಡು ಕಣ್ಣು ಬರೆದ. ಬಾಯಿ ಸ್ವಲ್ಪ ಸೊಟ್ಟಗಾಯಿತು.

"ಡಾಕ್ಟ್ರು ಬೈಯಲ್ವೇನೋ?" ಅಂದರು ದ್ರಾಕ್ಷಾಯಣಮ್ಮ.

"ಬೈಲಿ ಬುಡವ್ವ" ಅಂದವನೇ ಕಾಲಿನ ಜೊತೆ ಮಾತಿಗಿಳಿದ. "ಯಾಕಪ್ಪ ಮಖ ಸಪ್ಪಗೆ ಮಾಡ್ಕೊಂಡಿದೀಯ? ಹೊಟ್ಟೆ ಹಸೀತೈತಾ? ನಂಗೆ ಅಡುಗೆ ಬರಲ್ಲ ಕಣಪ್ಪ, ಏನ್ ಮಾಡ್ಲಿ."

ಕಡ್ಡಿ ತಿರುವುವ ಸದ್ದು ನಿಂತಿತು. ದಯಾನಂದ್ ತಲೆ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಮಂಚದ ಅಂಚಿನಲ್ಲಿ ಒಂದು ಪುಟ್ಟ ಕೈ ಕಾಣಿಸಿತು. ಒಂದೆಳೆ ನಾರನ್ನು ಸೊಟ್ಟ ಬಾಯಿಗೆ ತಾಗಿಸಿ ಸರಕ್ಕನೆ ಹಿಂದಕ್ಕೆ ಹೋಯಿತು. ಏನೂ ಆಗಲಿಲ್ಲ. ಮತ್ತೊಂದು ತುತ್ತು ಬಂತು.

"ಖಾರ ಇಲ್ಲ" ಎಂದು ಇಂಪನಾ ಕಾಲಿಗೆ ಧೈರ್ಯ ಹೇಳಿದಳು.

ಊಟವಾಯಿತು. ಬಾಯಿ ಒರೆಸುವಾಗ ಅರ್ಧ ಬಾಯಿಯೇ ಅಳಿಸಿಹೋಯಿತು. ಆಮೇಲೆ ಅವಳು ಏದುಸಿರು ಬಿಡುತ್ತ ಮಂಚ ಹತ್ತಿ, ಅಪ್ಪನ ಮಗ್ಗುಲಲ್ಲಿ ಕೂತು, ಕಾಲಿಗೆ ಟವೆಲು ಹೊದಿಸಿ ತಟ್ಟತೊಡಗಿದಳು. ದಯಾನಂದ್ ಮೆಲ್ಲಗೆ ಅವಳ ಬೆನ್ನ ಮೇಲೆ ಕೈಯಿಟ್ಟ. ಅವಳು ಸರಿಯಲಿಲ್ಲ.

ಅಷ್ಟರಲ್ಲಿ ಬಾಗಿಲ ಮುಂದೆ ಆಟೋ ಬಂದು ನಿಂತು ಹಾರನ್ ಹೊಡೆಯಿತು. ಆಸ್ಪತ್ರೆಗೆ ಕರೆದೊಯ್ಯಲು ಬಂದ ಲಿಯಾಕತ್ ಅಲಿ ಹೊಸಿಲು ದಾಟುವಷ್ಟರಲ್ಲಿ ಇಂಪನಾ ತುಟಿಗೆ ಬೆರಳಿಟ್ಟು ಎದುರು ನಿಂತಿದ್ದಳು.

"ಶ್. ಪಾಪು ತಾಚಿ."

ಲಿಯಾಕತ್ ಟವೆಲು ಹೊದ್ದ ಕಾಲನ್ನು ನೋಡಿದ, ದಯಾನಂದ್‌ನ ಮುಖ ನೋಡಿದ. "ತಪ್ಪಾಯ್ತು ಕಣಮ್ಮ. ಇನ್ನ ಹಾರನ್ ಹೊಡೆಯಲ್ಲ" ಎಂದು ದನಿ ತಗ್ಗಿಸಿದ.

ಹಿಂದಿನ ಸೀಟಿನಲ್ಲಿ ಕಾಲು ನೀಡಿ ಕೂತ ಅಪ್ಪನ ಮಡಿಲಿನಲ್ಲಿ ಇಂಪನಾ ಟವೆಲು ಹಿಡಿದು ಕೂತಳು. ಗಾನವಿ ಸ್ಕೂಟಿಯಲ್ಲಿ ಹಿಂಬಾಲಿಸಿದಳು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕಾಯಿ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡ ನಿಂತುಬಿಟ್ಟಿತ್ತು. ಬಸ್ಸು, ಕಾರು, ಬೈಕುಗಳೆಲ್ಲ ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದವು. ಲಿಯಾಕತ್ ಮಾತ್ರ ಆಟೋದಿಂದ ಕೆಳಗಿಳಿದು, ಒಬ್ಬೊಬ್ಬರ ಕಿಟಕಿಯ ಬಳಿಗೂ ಹೋಗಿ, ಪಿಸುದನಿಯಲ್ಲಿ ದಾರಿ ಬಿಡಿ ಎಂದು ಕೇಳುತ್ತಿದ್ದ.