ಒಂದು ಲೋಟ ಹಿಟ್ಟು

ಅತ್ತೆ ಅಳೆಯುತ್ತಿದ್ದ ಲೋಟದಿಂದಲೇ ಮೈದಾ ತುಂಬಿ ಎಲೆಕ್ಟ್ರಾನಿಕ್ ತಕ್ಕಡಿಯ ಬಟ್ಟಲಿಗೆ ಸುರಿದ ಸೊಸೆ ಕಣ್ಣುಕಣ್ಣು ಬಿಟ್ಟಳು. ಬರೀ ನೂರಮೂವತ್ತು ಗ್ರಾಂ. ಒಂದು ಲೋಟ ಹಾಲು ಕಾಲು ಕೆಜಿ ತೂಗಿತೆಂದು, ಲೋಟ ಹಿಟ್ಟಿಗೂ ಕಾಲು ಕೆಜಿಯನ್ನೇ ಲೆಕ್ಕ ಹಿಡಿದು ಅತ್ತೆ ಹೇಳಿಕೊಟ್ಟ ಕೇಕಿಗೆ ಇಷ್ಟು ದಿನ ಹಾಕಿದ್ದಳು.

ಕೇಕು ಕಲ್ಲಾದಾಗಲೆಲ್ಲ ನಾದಿನಿಯರ ಮುಂದೆ ಅವಳದು ಒಂದೇ ಮಾತು: "ನಿಮ್ಮಮ್ಮ ಬೇಕಂತಲೇ ಏನೋ ಮುಚ್ಚಿಟ್ಟಿದ್ದಾರೆ." ಆ ಮಾತು ಸುತ್ತಿ ಬಳಸಿ ಅತ್ತೆಯ ಕಿವಿಗೂ ಬಿದ್ದಿತ್ತು.

ಅಷ್ಟರಲ್ಲಿ ಅತ್ತೆಯೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ ಕಣಮ್ಮ," ಅಂದರು ಮೆಲ್ಲಗೆ. "ನಾನೇ ಏನೋ ಹೇಳೋದು ಮರೆತಿರಬೇಕು. ವಯಸ್ಸಾಯ್ತು ನೋಡು. ಬೇಜಾರು ಮಾಡ್ಕೋಬೇಡ."

ಹಿಟ್ಟು ಮೆತ್ತಿದ ಸೊಸೆಯ ಅಂಗೈ ತನ್ನಷ್ಟಕ್ಕೆ ಸರಿದು, ತಕ್ಕಡಿಯ ಮೇಲೆ ಮಿನುಗುತ್ತಿದ್ದ ಅಂಕಿಯನ್ನು ಮುಚ್ಚಿತು.