ನಡುಮನೆಯ ಕೆಸರು ಹೆಜ್ಜೆ

ಮಧ್ಯಾಹ್ನ ಮೂರೂಕಾಲಿಗೆ ಅಪ್ಪ ಹಿತ್ತಲಿನ ಗುಂಡಿಗೆ ಇಳಿದರು. ಈಗಲೂ ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಹೊಸಪೇಟೆಯ ಆ ಮನೆಯ ಗೋಡೆ ಗಡಿಯಾರ ಕಣ್ಣಿಗೆ ಕಟ್ಟುತ್ತದೆ.

ಆ ಗುಂಡಿಯೊಳಗೆ ಒಳಚರಂಡಿಯ ಪೈಪು ಒಡೆದು ಹೊಲಸು ಬೀದಿಗೆ ಹರಿಯುತ್ತಿತ್ತು. ಅಮ್ಮ ಅದರ ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲುತ್ತಿದ್ದಳು. ವಾರದೊಳಗೆ ಸರಿಪಡಿಸದಿದ್ದರೆ ನಳ ಕಡಿಯುತ್ತೇವೆಂದು ನಗರಸಭೆಯವರು ಬಾಗಿಲಿಗೆ ನೋಟಿಸು ಅಂಟಿಸಿದ್ದರು. ರಿಪೇರಿಗೆ ಬಂದ ಮಾರೆಪ್ಪ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದ. ಹಿತ್ತಲಿಗೆ ಹೋಗಲು ನಡುಮನೆಯಲ್ಲಿ, ದೇವರ ಕೋಣೆಯ ಮುಂದೆಯೇ ಹಾಯಬೇಕಿತ್ತು.

“ಮಡಿ ಮನಿ. ಅವ ಒಳಗ ಬರೋದು ಬ್ಯಾಡ. ಹೊರಗಿಂದನ ಹೇಳ್ಲಿ, ನೀ ಮಾಡು,” ಎಂದು ಅಜ್ಜಿ ಅಪ್ಪನಿಗೆ ಹೇಳಿದಳು.

“ಬ್ಯಾಂಕಿನಾಗ ಕುಂದ್ರೋನ ಕೈಗೆ ಗುದ್ದಲಿ ಕೊಡ್ತೀಯಲ್ಲಮ್ಮ,” ಎಂದು ಅಪ್ಪ ನಗುತ್ತ ಪಂಚೆ ಎತ್ತಿ ಕಟ್ಟಿದರು.

ಚಪ್ಪಡಿ ಸರಿಸಿ ಇಳಿದವರು ಒಮ್ಮೆ ಕೆಮ್ಮಿದರು. ಆಮೇಲೆ ಸದ್ದಿಲ್ಲ. ಅಮ್ಮ ಬಗ್ಗಿ ನೋಡಿ ಚೀರಿದಳು. ಅಪ್ಪನ ತಲೆ ಗುಂಡಿಯ ಗೋಡೆಗೆ ವಾಲಿತ್ತು.

ಅಜ್ಜಿ ಬೀದಿಬಾಗಿಲಿಗೆ ಓಡಿದಳು. “ಬಾರಪ್ಪ ಮಾರೆಪ್ಪ, ಒಳಗ ಬಾ, ಜಲ್ದಿ ಬಾ!”

ಅವನು ಓಡಿ ಬಂದು, ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ, ಅಪ್ಪನ ಕಂಕುಳಿಗೆ ಕೈಹಾಕಿ ಮೇಲಕ್ಕೆಳೆದ. ಹೆಗಲ ಮೇಲೆ ಹೊತ್ತು ದೇವರ ಕೋಣೆಯ ಮುಂದಿನಿಂದಲೇ ಆಟೋಗೆ ಒಯ್ದ. ಕಲ್ಲುಹಾಸಿನ ಮೇಲೆ ಅವನ ಕೆಸರು ಹೆಜ್ಜೆಗಳು ಉಳಿದವು.

ಅಪ್ಪ ಮರುದಿನ ಆಸ್ಪತ್ರೆಯಿಂದ ಬಂದರು. ಪೈಪನ್ನು ಮಾರೆಪ್ಪನೇ ಒಳಗೆ ಬಂದು ಸರಿಮಾಡಿದ. ಅಮ್ಮ ಮಾತ್ರ ರಾತ್ರಿ ಎದ್ದೆದ್ದು ಅಪ್ಪನ ಮೂಗಿನ ಬಳಿ ಬೆರಳಿಡುತ್ತಿದ್ದಳು. ಅವಳು ನಡುಮನೆಯ ಆ ಹೆಜ್ಜೆ ಒರೆಸಲು ಹೋದರೆ ಅಜ್ಜಿ, “ಇರ್ಲಿ ಬಿಡು,” ಎನ್ನುತ್ತಿದ್ದಳು.

ಬಾಗಿಲಿನ ನೋಟಿಸು ಕಿತ್ತ ದಿನ ನಾವೆಲ್ಲ ಬೆಳಗಿನತನಕ ನಿದ್ದೆ ಮಾಡಿದೆವು. ನಾನು ಎದ್ದಾಗ ಅಜ್ಜಿ ಗೋಮೂತ್ರ ಚಿಮುಕಿಸಿ ನಡುಮನೆ ತೊಳೆಯುತ್ತಿದ್ದಳು.