ಬೆಳ್ಳಿ ಗದೆಯ ಗುಟ್ಟಿನ ಬೆಲೆ

ಆನ್‌ಲೈನ್ ಹರಾಜಿನಲ್ಲಿ ಮಾರುವವನು ತನ್ನ ಕನಿಷ್ಠ ಬೆಲೆಯನ್ನು ಬಚ್ಚಿಡುವುದು ಧರ್ಮವೋ ಅಧರ್ಮವೋ ಎಂಬುದು ಮನುಕುಲದ ಮುಂದಿರುವ ಬಹು ಗಹನವಾದ ಪ್ರಶ್ನೆ. ಇಬ್ಬರು ಮಾಜಿ ಪೈಲ್ವಾನರು ಅದನ್ನು ಕೈಯಲ್ಲೇ ಚರ್ಚಿಸಿದರು.

ಚೆಲುವಯ್ಯ ಹರಾಜಿಗಿಟ್ಟದ್ದು ಒಂದು ಬೆಳ್ಳಿ ಗದೆ. ಹಿಂದೊಮ್ಮೆ ದ್ಯಾವಣ್ಣನನ್ನು ಚಿತ್ ಮಾಡಿ ಗೆದ್ದದ್ದು. ಈಗ ಅದಕ್ಕೆ ಎಲ್ಲರಿಗಿಂತ ಹೆಚ್ಚು ಕೂಗಿದ್ದವನೂ ದ್ಯಾವಣ್ಣನೇ: ಮೂವತ್ತು ಸಾವಿರ. ಅವನ ಹತ್ತಿರ ಇದ್ದದ್ದೇ ಅಷ್ಟು. ಆದರೂ ಮೊಬೈಲ್ ಮಾತ್ರ ‘ಮಾರುವವರ ಗುಟ್ಟಿನ ಬೆಲೆ ಮುಟ್ಟಿಲ್ಲ’ ಎನ್ನುತ್ತಲೇ ಇತ್ತು. ಹರಾಜು ಮುಗಿಯಲು ಸ್ವಲ್ಪ ಹೊತ್ತಿರುವಾಗ ಅವನು ಚೆಲುವಯ್ಯನ ಬಾಗಿಲು ಒದ್ದು ಒಳಬಂದ.

“ಎಷ್ಟ್ ಇಟ್ಟಿದ್ದೀಯ, ಬೊಗಳ್ಲಾ!”

“ಗುಟ್ಟು ಕಣ್ಲಾ. ಹೇಳ್ಬಿಟ್ರೆ ಇನ್ನೇನ್ ಗುಟ್ಟು?”

ಮೊದಲ ಏಟಿಗೇ ಚೆಲುವಯ್ಯನ ಮೂಗು ಮುರಿಯಿತು. ಅವನು ರಕ್ತ ಉಗುಳಿ ನಕ್ಕ.

“ಈ ಜೋರು ಅವತ್ತು ಅಖಾಡದಲ್ಲಿ ತೋರ್ಸಿದ್ರೆ ಗದೆ ಪುಕ್ಸಟ್ಟೆ ಸಿಕ್ತಿತ್ತಲ್ಲೋ.”

ದ್ಯಾವಣ್ಣ ಅವನ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದ. ಭುಜ ಲಟಕ್ಕೆಂದಿತು.

“ನನ್ ಮೂವತ್ತಕ್ಕೆ ಇಳ್ಸು. ಇಲ್ಲಾ, ಇನ್ನೊಂದ್ ತೋಳೂ ಹೋಯ್ತು ಅನ್ಕೊ.”

ಚೆಲುವಯ್ಯ ಉಳಿದ ಕೈಯಿಂದ ಮೊಬೈಲ್ ಒತ್ತಿ ಬೆಲೆ ಇಳಿಸಿದ. ‘ಗುಟ್ಟಿನ ಬೆಲೆ ಮುಟ್ಟಿದೆ, ಮಾರಾಟ ಖಚಿತ’ ಎಂಬ ಹಸಿರು ಅಕ್ಷರಗಳು ಮೂಡಿದವು. ದ್ಯಾವಣ್ಣ ತೊಡೆ ತಟ್ಟಿದ.

ಗುಟ್ಟಿನ ಬೆಲೆ ತಮಗೆ ಎಟುಕದೆಂದು ಅಲ್ಲಿಯವರೆಗೆ ಕೂಗದೆ ಸುಮ್ಮನಿದ್ದವರ ಮೊಬೈಲುಗಳಲ್ಲೂ ಅದೇ ಹಸಿರು ಅಕ್ಷರಗಳು ಮೂಡಿದ್ದವು. ಅವರೆಲ್ಲ ಒಬ್ಬರ ಮೇಲೊಬ್ಬರು ಕೂಗತೊಡಗಿದರು; ಹರಾಜು ಮುಗಿಯುವಷ್ಟರಲ್ಲಿ ಗದೆ ತೊಂಬತ್ತು ಸಾವಿರಕ್ಕೆ ಕಲ್ಯಾಣ ಮಂಟಪವೊಂದರ ಮಾಲೀಕನ ಪಾಲಾಯಿತು.